ಪರಿಹಾರ ಬೇಡ, ನಷ್ಟಭರ್ತಿ ಕೊಡಿ

ಒಂದು ಹುಣಸೆಯ ಮರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವುದೇ, ಅದೂ ಕಾಲೇಜಿನಲ್ಲಿ ಪಾಠ ಹೇಳುವವರು, ಎಂದು ಈಚೆಗೆ ನನ್ನ ಹಿರಿಯ ಮಿತ್ರರೊಬ್ಬರು ಕೇಳಿದರು. ಅವರು ಎಂಜಿನಿಯರರಾಗಿ ನಿವೃತ್ತರಾದವರು, ಸಜ್ಜನರು, ನನ್ನ ಬಗೆಗೆ ವಿಶ್ವಾಸವುಳ್ಳವರು. ಅವರ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ, ಕನಿಕರವಿತ್ತು. ಆ ಕನಿಕರವೇ ನನಗೆ ತಡೆಯದಾಯಿತು. ಎದುರಿಗೆ ಕುಳಿತಾಗ ಸರಿಯಾದ ಉತ್ತರ ಹೊಳೆಯಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರೂ ಈ ಪುರವಣಿಯನ್ನು ತಪ್ಪದೆ ಓದುವವರೇ.

ನನ್ನ ಊರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ. ತುಂಗಭದ್ರೆಯ ಹಿನ್ನೀರಿನ ಸೀಮೆ. 1953ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದುವೆಂದು ಲೆಕ್ಕ. ನಮ್ಮ ಅಜ್ಜನ ಹೊಳೆದಂಡೆಯ ಹೊಲವೂ ಆಗ ಹೋಯಿತು. ಹೊಲ ಕಳೆದುಕೊಂಡ ಮನುಷ್ಯ ಆಮೇಲೆ ಹಿತ್ತಲಿನಲ್ಲಿ ಒಂದು ಹುಣಸೆಯ ಸಸಿ ನೆಟ್ಟನಂತೆ. ಏಕೆ ನೆಟ್ಟನೋ ಯಾರಿಗೂ ಹೇಳಿರಲಿಲ್ಲ. ನಾನು ಬುದ್ಧಿ ಬಂದಾಗಿನಿಂದ ಕಂಡದ್ದು ಅದು ಇಬ್ಬರು ತೆಕ್ಕೆ ಹಾಯ್ದರೂ ಸಿಕ್ಕದಷ್ಟು ಬೆಳೆದ ಮೇಲೆ. ಅದರ ನೆರಳಲ್ಲಿ ದನದ ಕೊಟ್ಟಿಗೆ. ಮಾಘ ಕಳೆದರೆ ಹಣ್ಣು. ಹಣ್ಣಿಗೆ ಮುಂಚೆಯೇ ಕೇಣಿ ಹಿಡಿಯುವವರು ಬಂದು ಕತ್ತೆತ್ತಿ ನೋಡಿ, ಅವ್ವನೊಡನೆ ಚೌಕಾಸಿ ಮಾಡಿ, ಮುಂಗಡ ಕೊಟ್ಟು ಹೋಗುವರು. ಈಚಿನ ವರ್ಷಗಳಲ್ಲಿ ಸರಾಸರಿ 8,000 ರೂಪಾಯಿ ಕೇಣಿ ಬರುತ್ತಿತ್ತು. ಮನೆಯ ಖರ್ಚಿಗೆಂದು ಎರಡು ಕೊಂಬೆಯ ಹಣ್ಣನ್ನು ಕೇಣಿಯಿಂದ ಹೊರಗಿಡುವುದು ಅವ್ವನ ಷರತ್ತು. ಇದು ಅವಳ ಕೈಯಲ್ಲಿ ಆಡುತ್ತಿದ್ದ ಏಕಮಾತ್ರ ದುಡ್ಡು. ನಾನಾಗಲಿ ಅಣ್ಣನಾಗಲಿ ಕೊಟ್ಟ ದುಡ್ಡಲ್ಲ.

2023ರ ಏಪ್ರಿಲಿನಲ್ಲಿ ಓಣಿಯಲ್ಲಿ ನೀರಿನ ಕೊಳವೆ ಹೂಳುವ ಕೆಲಸ ಬಂತು. ಕೆಲಸ ಒಂದು ಇಲಾಖೆಯದು, ಮಾಡಿಸುವವನು ಒಬ್ಬ ಗುತ್ತಿಗೆದಾರ, ಮಾಡುವವನು ಅವನಿಂದ ತುಂಡುಗುತ್ತಿಗೆ ಹಿಡಿದ ಇನ್ನೊಬ್ಬ, ಜೆಸಿಬಿ ಮೂರನೆಯವನದು. ಈ ಸಂಬಂಧಮಾಲೆಯನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ. ಓಣಿಯ ಅಂಚಿನಲ್ಲಿ ಕಲ್ಲಿನ ಗಟಾರವಿತ್ತು. ಅದನ್ನು ಒಡೆದರೆ ಮತ್ತೆ ಕಟ್ಟಿಕೊಡಬೇಕು. ಹಿತ್ತಲ ಬೇಲಿಯಾದರೆ ಮುಳ್ಳಿನದು, ಒಡೆದರೂ ಕೇಳುವವರಿಲ್ಲ. ಆದ್ದರಿಂದ ಯಂತ್ರ ಬೇಲಿಯನ್ನು ತಳ್ಳಿ ಮೂರು ಅಡಿ ನಮ್ಮ ಜಾಗದೊಳಕ್ಕೆ ಬಂದು, ಮರದ ಬುಡದಿಂದ ಎರಡು ಮೊಳ ದೂರದಲ್ಲಿ ಆಳವಾದ ಕಾಲುವೆ ತೋಡಿತು. ತೊಡೆಯ ಗಾತ್ರದ ನಾಲ್ಕು ಬೇರುಗಳು ಹೋದುವು. ಅವ್ವ ಅಡ್ಡ ನಿಂತು, "ಯಪ್ಪಾ, ಗಿಡದ ಬೇರು ಕಡೀಬ್ಯಾಡ್ರೋ" ಎಂದಳಂತೆ. "ಗಿಡಕ್ಕೇನೂ ಆಗಂಗಿಲ್ಲ ಬಿಡಬೇ, ನೀರು ಬ್ಯಾಡೇನು ನಿಮಗ?" ಎಂದನಂತೆ ಯಂತ್ರದ ಮೇಲಿದ್ದ ಹುಡುಗ. ಆ ಹುಡುಗ ನಮ್ಮ ಕಾಕಾನ ಮಗನೇ. ಅವನನ್ನು ನಾನು ದೂರುವುದಿಲ್ಲ. ದಿನಗೂಲಿಗೆ ಯಂತ್ರ ನಡೆಸುವವನಿಗೆ ಗೆರೆ ಎಳೆದುಕೊಟ್ಟವರು ಬೇರೆ.

ಅವ್ವ ಅಂದೇ ಫೋನು ಮಾಡಿದಳು. ನಾನು ಏನೆಂದೆ? ಒಪ್ಪಿಕೊಳ್ಳುತ್ತೇನೆ: "ಹೋಗಲಿ ಬಿಡವ್ವ, ಊರಿಗೆ ನೀರು ಬರಲಿ" ಎಂದೆ. ಮರುದಿನ ತರಗತಿಯಲ್ಲಿ ವನವರ್ಣನೆಯ ಪದ್ಯಗಳನ್ನು ರಸವತ್ತಾಗಿ ವಿವರಿಸಿದ್ದೂ ನೆನಪಿದೆ.

ಮರಕ್ಕೆ ಆ ವರ್ಷ ಏನೂ ಆಗಲಿಲ್ಲ. ಆಗಬೇಕಾಗಿಯೂ ಇಲ್ಲ. ಬೇರು ಕಡಿದ ಮರ ಕೊರಳು ಕಡಿದ ಕುರಿಯ ಹಾಗೆ ಅಲ್ಲಿಯೇ ಬೀಳುವುದಿಲ್ಲ. ನೀರನ್ನೂ ಸಾರವನ್ನೂ ಹೀರುವ ಬೇರುಗಳಲ್ಲಿ ಬಹುಪಾಲು ನೆಲದ ಮೇಲಣ ಎರಡಡಿಯೊಳಗೇ ಹಬ್ಬಿರುತ್ತವೆ. ಕೊಂಬೆಯ ಹರವನ್ನು ದಾಟಿ ಬಹುದೂರ ಹೋಗಿರುತ್ತವೆ. ಒಂದು ಪಕ್ಕದ ಬೇರು ಕಡಿದರೆ ಆ ಪಕ್ಕದ ತುದಿಗಳು ಮೆಲ್ಲಗೆ ಒಣಗುತ್ತ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ ಮರಕ್ಕೆ ಆಧಾರ ತಪ್ಪುತ್ತದೆ. ಮುಂದಿನ ಸುಗ್ಗಿಯಲ್ಲಿ ಕಾಯಿ ಅರ್ಧಕ್ಕರ್ಧ ಉದುರಿತು. ಕೇಣಿಯವನು ಮುಂಗಡ ಮುರಿದುಕೊಂಡ. 2024ರ ಮೇ ತಿಂಗಳಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು ಮರ ಕಾಲುವೆ ತೋಡಿದ ಪಕ್ಕಕ್ಕೆ ಬೆನ್ನು ಕೊಟ್ಟು, ಕೊಟ್ಟಿಗೆಯ ಮೇಲೆ ಬಿತ್ತು. ಎಮ್ಮೆ ಆಗ ಬಯಲಿನಲ್ಲಿತ್ತು, ಪುಣ್ಯ.

ಆಮೇಲೆ ಅರ್ಜಿ ಕೊಟ್ಟೆವು. ಇಲ್ಲಿಂದ ಮುಂದಿನ ಕಥೆ ನನ್ನ ವೃತ್ತಿಗೆ, ಎಂದರೆ ಕನ್ನಡಕ್ಕೆ, ಸಂಬಂಧಪಟ್ಟದ್ದು.

ಅರ್ಜಿ ಬರೆದವನು ಅಣ್ಣ. "ನಮ್ಮ ಹಿತ್ತಲದಾಗಿನ ಹಳೇ ಹುಣಸೆ ಗಿಡ" ಎಂದು ಬರೆದಿದ್ದ. ನಮ್ಮ ಸೀಮೆಯಲ್ಲಿ ಮರಕ್ಕೆ ಗಿಡವೆನ್ನುವುದೇ ರೂಢಿ. ಆಲದ ಗಿಡ, ಬೇವಿನ ಗಿಡ, ಹುಣಸೆ ಗಿಡ. 'ಮರ' ಎಂಬುದು ನಮ್ಮಲ್ಲಿ ಕಾಳು ಕೇರುವ ಸಾಧನ. ಅರ್ಜಿಯನ್ನು ಓದಿದ ಅಧಿಕಾರಿ ತೆಂಕಣ ಜಿಲ್ಲೆಯವರು. ಸ್ಥಳ ನೋಡಲು ಯಾರೂ ಬರಲಿಲ್ಲ. ಬಂದದ್ದು ಒಂದು ಕಾಗದ: "ಒಂದು ಹಳೆಯ ಹುಣಸೆ ಗಿಡಕ್ಕೆ ಸೌದೆಯ ಬೆಲೆ 1,500 ರೂ. ಪರಿಹಾರವಾಗಿ ಗುತ್ತಿಗೆದಾರರಿಂದ ಮಾನವೀಯ ನೆಲೆಯಲ್ಲಿ ಕೊಡಿಸಬಹುದು. ಜೊತೆಗೆ ಹತ್ತು ಸಸಿಗಳನ್ನು ಉಚಿತವಾಗಿ ಒದಗಿಸಬಹುದು." ಗಿಡ ಹೋದರೆ ಗಿಡ ಕೊಡುವುದು ನ್ಯಾಯವೇ ತಾನೆ! ಕರ್ನಾಟಕ ಏಕೀಕರಣವಾಗಿ 60 ವರ್ಷಗಳ ಮೇಲಾದರೂ ಒಂದು ಮರದ ಗಾತ್ರ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ತುಳಸಿಯ ಕುಂಡವಾಗುತ್ತದೆಂದರೆ, ನಮ್ಮ ಆಡಳಿತಭಾಷೆಯ ಉತ್ಸವಗಳಲ್ಲಿ ಹಾರ ಹಾಕಿಸಿಕೊಳ್ಳುವವರು ಒಮ್ಮೆ ಯೋಚಿಸಬೇಕು.

ಆ ಕಾಗದದ ಇನ್ನೊಂದು ಶಬ್ದ 'ಹಳೆಯ'. ಅಣ್ಣ ಅದನ್ನು ಹೆಮ್ಮೆಯಿಂದ ಬರೆದ. ಅವರು ಅದನ್ನು ಸವಕಲು ಎಂದು ಓದಿದರು. ಕಟ್ಟಡಕ್ಕೆ ವಯಸ್ಸಾದಂತೆ ಬೆಲೆ ಇಳಿಸುವ ಅಭ್ಯಾಸದಿಂದ ಬಂದ ಓದು ಅದು. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ, ಅಂದಾಜುಪಟ್ಟಿ ಬರೆಯುವಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಆದರೆ ನನ್ನ ನಿಜವಾದ ತಕರಾರು ಮೂರನೆಯ ಶಬ್ದದ ಮೇಲೆ: 'ಪರಿಹಾರ'. ಗ್ರಹದೋಷಕ್ಕೆ ಪರಿಹಾರ, ತಲೆನೋವಿಗೆ ಪರಿಹಾರ, ನೆರೆ ಬಂದರೆ ಪರಿಹಾರ, ಬರ ಬಂದರೆ ಪರಿಹಾರ. ದೈವದ ಏಟು ಬಿದ್ದವನಿಗೆ ದೊರೆ ಕರುಣೆಯಿಂದ ಕೊಡುವುದು ಅದು. ಕೈಚಾಚಿ ತೆಗೆದುಕೊಳ್ಳಬೇಕು, ಎಷ್ಟು ಕೊಟ್ಟರೂ ನಮಸ್ಕಾರ ಮಾಡಬೇಕು. ಇನ್ನೊಬ್ಬನು ನನ್ನ ಸ್ವತ್ತನ್ನು ಹಾಳುಮಾಡಿ ಅದರ ಬೆಲೆ ತೆರುವುದು ಇದೇ ಜಾತಿಯ ಸಂಗತಿಯೇ? ಅಂಗಡಿಯ ಬಾಕಿ ತೀರಿಸುವವನು 'ಅಂಗಡಿಯವನಿಗೆ ಪರಿಹಾರ ಕೊಟ್ಟೆ' ಎನ್ನುತ್ತಾನೆಯೆ? ಹಳೆಯ ಕಾಗದಪತ್ರಗಳಲ್ಲಿ ನಷ್ಟಭರ್ತಿ ಎಂಬ ಒಳ್ಳೆಯ ಮಾತಿತ್ತು. ನಷ್ಟವೆಷ್ಟೋ ಅಷ್ಟನ್ನು ತುಂಬಿಕೊಡುವುದು. ಹೆಚ್ಚೂ ಬೇಡ, ಕಡಿಮೆಯೂ ಬೇಡ, ಮಾನವೀಯ ನೆಲೆಯಂತೂ ಬೇಡವೇ ಬೇಡ. ಆ ಮಾತು ಹೋಗಿ ಎಲ್ಲಕ್ಕೂ ಪರಿಹಾರವೆಂಬ ಒಂದೇ ಮಾತು ನಿಂತದ್ದರಿಂದ, ಸಾಲಗಾರನು ದಾನಿಯ ಠೀವಿಯಲ್ಲಿ ಕುಳಿತುಕೊಳ್ಳಲು ಅನುಕೂಲವಾಗಿದೆ.

ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮರಗಳಿಗೆ ಮಾಡಿದ ಹಾನಿಗೆ ದಂಡದ ಪಟ್ಟಿಯೇ ಇದೆ. ಊರ ತೋಪಿನ ಹೂ ಹಣ್ಣು ನೆರಳಿನ ಮರಗಳ ಚಿಗುರು ಕಿತ್ತರೆ 6 ಪಣ, ಸಣ್ಣ ಕೊಂಬೆ ಕಡಿದರೆ 12, ದೊಡ್ಡ ಕೊಂಬೆಗೆ 24. ಕಾಂಡಕ್ಕೆ ಕೈ ಹಾಕಿದರೆ, ಬುಡಸಹಿತ ಕಿತ್ತರೆ ಮತ್ತೂ ಮೇಲಿನ ದಂಡಗಳು. ಗಡಿಯ ಗುರುತಾದ ಮರಕ್ಕೆ, ಪೂಜೆಗೊಳ್ಳುವ ಮರಕ್ಕೆ ಇಮ್ಮಡಿ. ಎರಡು ಸಾವಿರ ವರ್ಷಗಳ ಹಿಂದೆ ಚಿಗುರಿಗೂ ಕೊಂಬೆಗೂ ವ್ಯತ್ಯಾಸ ಬಲ್ಲ ಗುಮಾಸ್ತನಿದ್ದ. ಇಂದು ಗಿಡಕ್ಕೂ ಮರಕ್ಕೂ ವ್ಯತ್ಯಾಸ ಬಲ್ಲವನು ಸಿಗಲಿಲ್ಲ.

ಈಗಿನ ಕಾಯಿದೆಗಳಲ್ಲಿ ದಾರಿಯೇ ಇಲ್ಲವೆಂದಲ್ಲ. 2003ರ ವಿದ್ಯುತ್ ಕಾಯಿದೆಯನ್ನು ನೋಡಿ. ತಂತಿಗೆ ಅಡ್ಡ ಬಂದ ಮರವನ್ನು ತೆಗೆಸಬಹುದು. ಆದರೆ ಮರ ತಂತಿಗಿಂತ ಮುಂಚಿನದಾಗಿದ್ದರೆ ಅದರ ಹಕ್ಕುದಾರನಿಗೆ ಯುಕ್ತವಾದ ಹಣ ಕೊಡಿಸತಕ್ಕದ್ದು ಎಂದು 68ನೆಯ ಕಲಮು ಹೇಳುತ್ತದೆ. 1885ರ ತಂತಿ ಕಾಯಿದೆಯಲ್ಲಿಯೂ ಇದೇ ತತ್ವವಿತ್ತು. ಯಾರು ಮೊದಲು ಬಂದರು ಎಂಬುದು ಪ್ರಶ್ನೆ. ಎಷ್ಟು ಸರಳವಾಗಿದೆ! ಭೂಸ್ವಾಧೀನದ 2013ರ ಕಾಯಿದೆಯ 29ನೆಯ ಕಲಮು ಮರಗಿಡಗಳ ಬೆಲೆ ಕಟ್ಟಲು ಕೃಷಿ, ಅರಣ್ಯ, ತೋಟಗಾರಿಕೆಗಳಲ್ಲಿ ಅನುಭವವುಳ್ಳವರ ನೆರವು ಪಡೆಯಲು ಹೇಳುತ್ತದೆ. ಫಲ ಕೊಡುವ ಮರಗಳಿಗೆ ವರ್ಷದ ನಿವ್ವಳ ಉತ್ಪನ್ನವನ್ನು ಹೆಚ್ಚೆಂದರೆ 8ರಿಂದ ಗುಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹರಿಯಾಣದ ಒಂದು ಪ್ರಕರಣದಲ್ಲಿ 1995ರಲ್ಲಿ ಹೇಳಿತು. ಅಂದರೆ ಸರಕಾರವು ಕ್ರಮವಾಗಿ ನೋಟೀಸು ಕೊಟ್ಟು ನಮ್ಮ ಹಿತ್ತಲನ್ನು ಸ್ವಾಧೀನಪಡಿಸಿಕೊಂಡಿದ್ದರೆ ಈ ಮರಕ್ಕೆ 64,000 ರೂಪಾಯಿಯ ಲೆಕ್ಕವಾದರೂ ಸಿಗುತ್ತಿತ್ತು. ಹೇಳದೆ ಕೇಳದೆ ಬೇಲಿ ಮುರಿದು ನುಗ್ಗಿದ್ದರಿಂದ 1,500! ಹೇಳಿ ತೆಗೆದುಕೊಂಡವನಿಗಿಂತ ನುಗ್ಗಿ ಕೆಡಿಸಿದವನಿಗೆ ಸೋವಿ ಬೀಳುವ ವ್ಯವಸ್ಥೆಯನ್ನು ನನ್ನ ಎಂಜಿನಿಯರ್ ಮಿತ್ರರು ಯಾವ ನ್ಯಾಯದಿಂದ ಸಮರ್ಥಿಸುತ್ತಾರೋ ತಿಳಿಯದು.

ಇನ್ನೊಂದು ತುದಿಯ ಲೆಕ್ಕವೂ ಇದೆ. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ತಜ್ಞರ ಸಮಿತಿಯೊಂದು ಮರದ ಬೆಲೆ ವರ್ಷಕ್ಕೆ 74,500 ರೂಪಾಯಿ, ಅದನ್ನು ಮರದ ವಯಸ್ಸಿನಿಂದ ಗುಣಿಸಿ ಎಂದು ವರದಿ ಕೊಟ್ಟದ್ದು 2021ರಲ್ಲಿ ಸುದ್ದಿಯಾಯಿತು. ಅದರಲ್ಲಿ ದೊಡ್ಡ ಪಾಲು ಆಮ್ಲಜನಕದ ಬೆಲೆ. ಈ ಲೆಕ್ಕ ಹಿಡಿದರೆ ನಮ್ಮ ಅವ್ವ ಅರ್ಧ ಕೋಟಿಯ ಒಡತಿ! ನನಗೆ ಇದು ಒಪ್ಪಿಗೆಯಿಲ್ಲ. ಗಾಳಿಯನ್ನು ಸಿಲಿಂಡರಿನಲ್ಲಿ ಅಳೆದು ಮಾರುವವರ ದರಪಟ್ಟಿಯನ್ನು ಹುಣಸೆಯ ಎಲೆಗೆ ಅಂಟಿಸಿದ ಹಾಗೆ ಕಾಣುತ್ತದೆ. ಆದರೂ ಒಂದು ಮಾತು: ತಜ್ಞರು ಅರ್ಧ ಕೋಟಿ ಎನ್ನುವ ವಸ್ತುವಿಗೆ ಕಚೇರಿ 1,500 ಎನ್ನುವಾಗ, ಮಧ್ಯದಲ್ಲಿ ಎಲ್ಲಿಯೋ ನಿಂತು 64,000 ಕೇಳುವ ಮುದುಕಿಯನ್ನು ಆಸೆಬುರುಕಿ ಎನ್ನಲು ಬಾಯಿ ಹೇಗೆ ಬರುತ್ತದೆ? 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ತಾಜಮಹಲಿನ ಆಸುಪಾಸಿನ ರಕ್ಷಿತ ವಲಯದಲ್ಲಿ ಅಪ್ಪಣೆಯಿಲ್ಲದೆ 454 ಮರ ಕಡಿಸಿದವನಿಗೆ ಮರಕ್ಕೆ ಒಂದು ಲಕ್ಷದಂತೆ ದಂಡ ಹಾಕಿದ್ದನ್ನು ಎತ್ತಿಹಿಡಿಯಿತು. ಅವು ತಾಜಮಹಲಿನ ನೆರೆಯ ಮರಗಳು. ಎಮ್ಮೆಯ ಕೊಟ್ಟಿಗೆಯ ನೆರೆಯ ಮರಕ್ಕೆ ಅಷ್ಟು ಭಾಗ್ಯ ನಾವು ಬಯಸಿಲ್ಲ.

ಮಿತ್ರರ ಮುಖ್ಯ ಆಕ್ಷೇಪ ಬೇರೆ. ಊರಿಗೆ ನೀರು ಬರುವ ಕೆಲಸ, ಎಲ್ಲರೂ ಸ್ವಲ್ಪ ಸ್ವಲ್ಪ ತ್ಯಾಗ ಮಾಡಬೇಕು ಎನ್ನುತ್ತಾರೆ ಅವರು. ತ್ಯಾಗದ ಮಾತನ್ನು ತುಂಗಭದ್ರೆಯ ಹಿನ್ನೀರಿನವರ ಮುಂದೆ ಆಡುವಾಗ ಸ್ವಲ್ಪ ತಡೆದು ಆಡಬೇಕು. ಅಜ್ಜ ಹೊಲ ಬಿಟ್ಟದ್ದು ನಾಡಿನ ಗದ್ದೆಗಳಿಗೆ ನೀರು ಹಾಯಲೆಂದೇ. ಅದರ ಬಗೆಗೆ ಅವನು ಕೊನೆಯವರೆಗೆ ಗೊಣಗಲಿಲ್ಲ. ಆದರೆ ಇಲ್ಲಿ ಉಳಿತಾಯವಾದದ್ದು ಯಾರಿಗೆ? ಗಟಾರ ಒಡೆದು ಮತ್ತೆ ಕಟ್ಟುವ ಖರ್ಚು ಉಳಿದದ್ದು ಗುತ್ತಿಗೆದಾರನಿಗೆ. ಆ ಉಳಿತಾಯದ ಒಂದು ಕಾಸೂ ಊರಿಗೆ ಬರಲಿಲ್ಲ. ಅವ್ವ ತ್ಯಾಗ ಮಾಡಿದ್ದು ಊರಿಗಲ್ಲ, ಅವನ ಲಾಭಕ್ಕೆ. ಲೋಕೋಪಕಾರದ ಹೆಸರಿನಲ್ಲಿ ಹೀಗೆ ಬಡವರ ಬೇಲಿಯೊಳಗಿಂದ ಹಾದುಹೋಗುವ ಲಾಭಗಳನ್ನು ಎಣಿಸುವವರು ಯಾರೂ ಇಲ್ಲ.

ಗುತ್ತಿಗೆಯ ಶಬ್ದವನ್ನೇ ನೋಡಿ. ಇಲಾಖೆಗೆ ಹೋದರೆ, "ನಾವು ಕೆಲಸ ಗುತ್ತಿಗೆಗೆ ಕೊಟ್ಟಿದ್ದೇವೆ, ಅವರನ್ನು ಕೇಳಿ" ಎಂದರು. ಗುತ್ತಿಗೆದಾರ, "ತುಂಡುಗುತ್ತಿಗೆಯವನನ್ನು ಕೇಳಿ" ಎಂದ. ಅವನು ಯಂತ್ರದ ಒಡೆಯನನ್ನು ತೋರಿಸಿದ. ಒಡೆಯ ನಮ್ಮ ಕಾಕಾನ ಮಗನನ್ನು ತೋರಿಸಿದ. ಅವನನ್ನು ಕೇಳಲು ನಾವು ಅವನ ಮನೆಯ ಕಟ್ಟೆಗೇ ಹೋಗಬೇಕು. ಅಲ್ಲಿಗೆ ಕಾಕಾನ ಮನೆಗೂ ನಮಗೂ ಮಾತು ಬಿಡುತ್ತದೆ, ಪ್ರಕರಣ ಮುಗಿಯುತ್ತದೆ! ನಿಜವಾಗಿಯೂ ಆರು ತಿಂಗಳು ಮಾತು ಬಿಟ್ಟಿತ್ತು. ಪಂಚನಾಮೆಗೆ ಸಹಿ ಹಾಕಲು ಓಣಿಯ ಇಬ್ಬರು ಹಿಂಜರಿದರು. ಅವರ ಮಕ್ಕಳು ಅದೇ ಕೆಲಸದಲ್ಲಿ ಕೂಲಿಗೆ ಹೋಗುತ್ತಿದ್ದರು. ಕೊನೆಗೆ ಸಹಿ ಹಾಕಿದವಳು ಒಬ್ಬ ಮುದುಕಿ, ಅವ್ವನ ಜೊತೆ ಪ್ರತಿ ವರ್ಷ ಹುಣಸೆಹಣ್ಣು ಬಡಿಯಲು ಬರುತ್ತಿದ್ದವಳು. ಅವಳು ಹಾಕಿದ್ದು ಹೆಬ್ಬೆಟ್ಟು.

ಕೆಲಸ ಮುಗಿದು ಕೊನೆಯ ಬಿಲ್ಲು ಆಗುವ ಮುಂಚೆಯೇ, ಠೇವಣಿ ಇನ್ನೂ ಕಚೇರಿಯಲ್ಲಿರುವಾಗಲೇ ಬರಹದಲ್ಲಿ ತಕರಾರು ಕೊಟ್ಟಿದ್ದರೆ ಈ ಸುತ್ತಾಟ ಬಹುಮಟ್ಟಿಗೆ ತಪ್ಪುತ್ತಿತ್ತೆಂದು ವಕೀಲರು ಹೇಳಿದರು. ಕಾಲುವೆ ತೋಡಿದ ದಿನವೇ ಅಳತೆ ಕೋಲಿಟ್ಟು ಫೋಟೋ ತೆಗೆಯಬೇಕಿತ್ತು, ಹದ್ದುಬಸ್ತು ಮಾಡಿಸಬೇಕಿತ್ತು. ಏಕೆಂದರೆ ಬೇರು ನಮ್ಮ ಹದ್ದನ್ನು ದಾಟಿ ರಸ್ತೆಯೊಳಕ್ಕೆ ಹೋದಲ್ಲಿ ಕಡಿದಿದ್ದರೆ ನಮ್ಮ ವಾದ ಬಡವಾಗುತ್ತಿತ್ತು. ತನ್ನ ನೆಲಕ್ಕೆ ಬಂದ ನೆರೆಯವನ ಕೊಂಬೆಯನ್ನು ಕಡಿಯುವ ಹಕ್ಕು ಉಂಟೆಂದು ಇಂಗ್ಲೆಂಡಿನ ಪ್ರಭುಗಳ ಸಭೆ 1894ರಲ್ಲಿಯೇ ಹೇಳಿದೆಯಂತೆ. ನಮ್ಮ ಪುಣ್ಯಕ್ಕೆ ಮುರಿದ ಬೇಲಿಯ ಗೂಟಗಳು ಇನ್ನೂ ಅಲ್ಲಿಯೇ ಇದ್ದುವು. ಪೋಲೀಸರಿಗೆ ಹೇಳಿದ್ದೂ ಆಯಿತು. ಬೇಕೆಂದೋ ತಿಳಿದೋ ಮಾಡಿದ ಹಾನಿಯಾದರೆ ಮಾತ್ರ ಅಪರಾಧವಂತೆ. ಇದು ಸಿವಿಲ್ ಬಾಬು ಎಂದು ಕಳಿಸಿಬಿಟ್ಟರು. ಅವ್ವ ಅಡ್ಡ ನಿಂತು ಕೂಗಿದ್ದು ತಿಳುವಳಿಕೆ ಕೊಟ್ಟಂತೆ ಆಗಲಿಲ್ಲವೋ ಏನೋ.

ಇಲಾಖೆಯ ಮೇಲೆ ದಾವೆ ಹೂಡಬೇಕಾದರೆ ಎರಡು ತಿಂಗಳ ನೋಟೀಸು ಕೊಡಬೇಕು, ಕೊಟ್ಟೆವು. 2025ರ ಜನವರಿಯಲ್ಲಿ ದಾವೆ ದಾಖಲಾಯಿತು. ಮರಕ್ಕೆ 64,000, ಕೊಟ್ಟಿಗೆಗೆ 22,000, ಒಟ್ಟು 86,000. ಮನೋವೇದನೆಗೆಂದು ಇನ್ನಷ್ಟು ಸೇರಿಸೋಣವೆಂದು ವಕೀಲರೆಂದರು. ಅವ್ವ, "ಗಿಡದ್ದು ಕೇಳ್ರಿ, ನನ್ನದು ಬ್ಯಾಡ" ಎಂದಳು.

ಈಗ ಎದುರು ಕಡೆಯವರು ಹಿಡಿದಿರುವ ಅಸ್ತ್ರ ಯಾವುದು ಗೊತ್ತೆ? ಕಾಲಮಿತಿ. ಒಬ್ಬರ ಸ್ಥಿರಸ್ವತ್ತಿನೊಳಗೆ ಅತಿಕ್ರಮಿಸಿದ್ದಕ್ಕೆ ನಷ್ಟ ಕೇಳಲು 1963ರ ಕಾಲಮಿತಿ ಕಾಯಿದೆ ಮೂರು ವರ್ಷ ಕೊಡುತ್ತದೆ. ಆದರೆ ಯಾವುದಾದರೊಂದು ಕಾಯಿದೆಯನ್ನು ಅನುಸರಿಸಿ ಮಾಡಿದೆನೆಂದು ಹೇಳಲಾಗುವ ಕೃತ್ಯಕ್ಕಾದರೆ ಒಂದೇ ವರ್ಷ. ನಾವು ಕಾಯಿದೆಯ ಪ್ರಕಾರ ಸಾರ್ವಜನಿಕ ಕೆಲಸ ಮಾಡಿದೆವು, ಕಾಲುವೆ ತೋಡಿದ್ದು 2023ರ ಏಪ್ರಿಲಿನಲ್ಲಿ, ಒಂದು ವರ್ಷ ಕಳೆದುಹೋಗಿದೆ, ದಾವೆ ವಜಾ ಆಗಬೇಕು ಎಂದು ಅವರ ವಾದ. ಬೇಲಿ ಮುರಿದು ಒಳಗೆ ಬರಲು ಯಾವ ಕಾಯಿದೆ ಹೇಳಿತ್ತು ಎಂದು ನಮ್ಮ ವಾದ. ಮರವೋ ತಾನು ಸಾಯಲು ಒಂದು ವರ್ಷದ ಮೇಲೆ ಒಂದು ತಿಂಗಳು ತೆಗೆದುಕೊಂಡಿತು. ಅದಕ್ಕೆ ಕಾಲಮಿತಿ ತಿಳಿಯದು. ಆದರೆ ತಿಳಿದವನು, ಓದಿದವನು, ಫೋನಿನಲ್ಲಿ "ಹೋಗಲಿ ಬಿಡವ್ವ" ಎಂದು ಆ ಒಂದು ವರ್ಷವನ್ನು ಕಳೆದವನು ನಾನು. ಮಿತ್ರರೆ, ಈಗ ತಾವೂ ಅದೇ ಮಾತನ್ನು ನನಗೆ ಹೇಳುತ್ತಿದ್ದೀರಿ. ನಾವು ಉದಾರವಾಗಿ ಬಿಟ್ಟುಕೊಡುವುದೆಲ್ಲ ಅವ್ವಂದಿರದೇ ಏಕೆ ಆಗಿರುತ್ತದೆ?

ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಮ್ಮ ಕಾಲೇಜಿನಲ್ಲಿಯೂ ಸಭೆ ಸೇರಿ ಮಾತಾಡಿದೆವು. ಹುಲಿಕಲ್ಲು ಕುದೂರು ನಡುವಣ ಅವರ ಆಲದ ಸಾಲಿಗೆ 2019ರಲ್ಲಿ ರಸ್ತೆ ಅಗಲಿಸುವ ಯೋಜನೆಯಿಂದ ಕುತ್ತು ಬಂದಾಗ ಅವರೇ ಸರಕಾರದ ಮುಂದೆ ಹೋಗಿ ಕೇಳಬೇಕಾಯಿತು. ಪದ್ಮಶ್ರೀ ಬಂದ ವರ್ಷವೇ ಅದು. ಅವರು ತಿಮ್ಮಕ್ಕನವರಾದ್ದರಿಂದ ಕೇಳಿಸಿತು. ಹಾರ ತುರಾಯಿ ಕಾಣದ ಹಿತ್ತಲಿನ ಮರಗಳ ಮಾತು ಕೇಳಿಸಬೇಕಾದರೆ ದಾವೆಯ ಹೊರತು ಬೇರೆ ಯಾವ ಕೊಳಲಿದೆ?

ಆ ಹತ್ತು ಸಸಿಗಳು ಬಂದುವು, ನಿಜ. ಒಂದು ಟೆಂಪೋದಲ್ಲಿ ಬಂದು ಇಳಿಸಿ ಹೋದರು. ಹುಣಸೆಯಲ್ಲ, ಯಾವುವೋ ಹೂವಿನವು. ಬೀಜದಿಂದ ಹುಟ್ಟಿದ ಹುಣಸೆ ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕು, ಅವ್ವನಿಗೆ ಈಗ 76. ಆದರೂ ಅವಳು ಬಿದ್ದ ಮರದ ಕೊನೆಯ ಹಣ್ಣಿನ ಬೀಜಗಳನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕಾಕಾನ ಮಗ ಈಚೆಗೆ ಬಂದು ಹೋಗುತ್ತಾನೆ. ಸಾಕ್ಷಿ ಹೇಳುತ್ತೇನೆ, ಗೆರೆ ಹಾಕಿಕೊಟ್ಟವರು ಯಾರೆಂದು ಹೇಳುತ್ತೇನೆ ಎಂದಿದ್ದಾನೆ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಬೇಡವೆನ್ನಲು ನನಗೆ ಬಾಯಿಲ್ಲ, ಹೇಳೆನ್ನಲೂ ಇಲ್ಲ.

ವಾಯಿದೆ ಮುಂದಿನ ತಿಂಗಳಿಗೆ ಬಿದ್ದಿದೆ. ದಾವಾಪತ್ರದಲ್ಲಿ ಅಣ್ಣ ಬರೆದಿದ್ದ 'ಗಿಡ'ವನ್ನು ನಾನು ಹನ್ನೊಂದು ಕಡೆ ಹೊಡೆದು 'ಮರ' ಎಂದು ತಿದ್ದಿದೆ. ಒಂದು ಕಡೆ ಮಾತ್ರ, ಅವ್ವನ ಹೇಳಿಕೆ ಇರುವಲ್ಲಿ, ಹಾಗೆಯೇ ಬಿಟ್ಟಿದ್ದೇನೆ.